ಬಜ್ಜಿ ಕರಿಯುವುದು ಕಡ್ಡಾಯವಲ್ಲ

ಕೊರಿಯಾದ ಹಬ್ಬ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಅಂತ ಊಹಿಸಬಲ್ಲೆ. ಬಣ್ಣಬಣ್ಣದ ಹಾನ್‌ಬೊಕ್ ತೊಟ್ಟ ಹುಡುಗಿಯರು, ಅರಮನೆಯ ಅಂಗಳ, ಹುಣ್ಣಿಮೆ ಚಂದ್ರ, ಹಿನ್ನೆಲೆಯಲ್ಲೊಂದು ಕೊಳಲು. ಲಾಕ್‌ಡೌನ್‌ನಲ್ಲಿ ರಾತ್ರಿಯೆಲ್ಲ ಕೂತು ಕೆ-ಡ್ರಾಮಾ ನೋಡಿದ ತಲೆಮಾರು ನಮ್ಮದು, ಅಷ್ಟು ಪರಿಚಯ ಇದ್ದೇ ಇರುತ್ತದೆ. ಆದರೆ ಮೂರು ವರ್ಷ ಅಲ್ಲೇ ಇದ್ದು ಬಂದ ನನ್ನನ್ನು ಕೇಳಿದರೆ, ಕೊರಿಯಾದ ಹಬ್ಬ ಅಂದರೆ ಮೊದಲು ಮೂಗಿಗೆ ಬರುವುದು ಕಾದ ಎಣ್ಣೆಯ ವಾಸನೆ. ಥೇಟ್ ನಮ್ಮ ಮನೆಗಳ ಹಬ್ಬದ ಹಿಂದಿನ ದಿನದ ವಾಸನೆ.

ಅಲ್ಲಿ ಹಬ್ಬಗಳಿಗೇನೂ ಬರವಿಲ್ಲ. ವರ್ಷದ ಅತಿ ದೀರ್ಘ ರಾತ್ರಿಯ ದಿನ ಕೆಂಪು ಕಾಳಿನ ಗಂಜಿ ಕುಡಿದು ಕೆಟ್ಟದ್ದನ್ನು ಓಡಿಸುವ ದೊಂಗ್ಜಿ ಇದೆ. ಐದನೇ ತಿಂಗಳ ಐದನೇ ದಿನ ಉಯ್ಯಾಲೆ, ಕುಸ್ತಿ ಎಲ್ಲ ಇರುವ ದಾನೊ ಇದೆ. ಗಂಗ್‌ನುಂಗ್ ಎಂಬ ಊರಿನ ದಾನೊ ಉತ್ಸವಕ್ಕೆ 2005ರಲ್ಲೇ ಯುನೆಸ್ಕೊ ಮನ್ನಣೆ ಸಿಕ್ಕಿದೆ. ಆದರೆ ಇವಕ್ಕೆ ರಜೆ ಇಲ್ಲ. ಸಂಬಳದವರ ಹಬ್ಬ ಯಾವುದು ಅಂತ ತೀರ್ಮಾನಿಸುವುದು ರಜೆಯ ಪಟ್ಟಿ ತಾನೆ? ಆ ಲೆಕ್ಕದಲ್ಲಿ ದೊಡ್ಡ ಹಬ್ಬ ಎರಡೇ. ಚಾಂದ್ರಮಾನದ ಹೊಸ ವರ್ಷ ಸೊಲ್ಲಾಲ್, ಮತ್ತು ಎಂಟನೇ ತಿಂಗಳ ಹುಣ್ಣಿಮೆಯ ಚುಸೊಕ್. ತಲಾ ಮೂರು ದಿನ ರಜೆ. ಭಾನುವಾರಕ್ಕೆ ಬಿದ್ದರೆ ಬದಲಿ ರಜೆ ಕೊಡುವ ಪದ್ಧತಿಯೂ 2014ರಿಂದ ಇದೆ. (ಇದನ್ನು ಓದಿ ನಿಮ್ಮ ಎಚ್ಆರ್ ನೆನಪಾದರೆ ನಾನು ಜವಾಬ್ದಾರಳಲ್ಲ.)

ಈ ಚುಸೊಕ್ ಹುಣ್ಣಿಮೆ ಇದೆಯಲ್ಲ, ಅದು ಸಾಮಾನ್ಯವಾಗಿ ನಮ್ಮ ಭಾದ್ರಪದದ ಹುಣ್ಣಿಮೆಯೇ. ಅವರ ಅಧಿಕ ಮಾಸವೂ ನಮ್ಮ ಅಧಿಕ ಮಾಸವೂ ಬೇರೆ ಬೇರೆ ಸಮಯಕ್ಕೆ ಬಿದ್ದರೆ ಮಾತ್ರ ಒಂದು ತಿಂಗಳು ಆಚೀಚೆ ಆಗುತ್ತದೆ, 2025ರಲ್ಲಿ ಆದ ಹಾಗೆ. ಭಾದ್ರಪದದ ಹುಣ್ಣಿಮೆ ಕಳೆದರೆ ನಮ್ಮಲ್ಲಿ ಏನು ಶುರು? ಪಿತೃಪಕ್ಷ. ಕೊರಿಯಾದವರು ಯಾವ ಹುಣ್ಣಿಮೆಯ ಬೆಳಿಗ್ಗೆ ತಮ್ಮ ಹಿರಿಯರಿಗೆ ಊಟ ಬಡಿಸುತ್ತಾರೋ, ಅದರ ಮರುದಿನದಿಂದ ಹದಿನೈದು ದಿನ ನಾವು ನಮ್ಮ ಹಿರಿಯರಿಗೆ ಬಡಿಸುತ್ತೇವೆ. ಎರಡು ದೇಶದ ಸತ್ತವರೂ ಒಂದೇ ಚಂದ್ರನ ಬೆಳಕಲ್ಲಿ ಊಟಕ್ಕೆ ಹೊರಡುತ್ತಾರೆ ಅಂತಾಯಿತು. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಸುವಾನ್‌ನ ನನ್ನ ಒಂದು ರೂಮಿನ ಮನೆಯ ಫ್ರಿಜ್ ಮೇಲೆ ಅಮ್ಮ ಕಳಿಸಿದ್ದ ಕನ್ನಡ ಕ್ಯಾಲೆಂಡರ್ ಇತ್ತು, ಪಕ್ಕದಲ್ಲಿ ಕಂಪನಿ ಕೊಟ್ಟ ಕೊರಿಯನ್ ಕ್ಯಾಲೆಂಡರ್. ಎರಡನ್ನೂ ಅಕ್ಕಪಕ್ಕ ನೇತುಹಾಕಿದರೆ ತಾನಾಗಿ ಕಾಣುತ್ತದೆ.

ನಾನು ಸುವಾನ್‌ಗೆ ಹೋದದ್ದು 2022ರ ಆರಂಭದಲ್ಲಿ, ಕೆಲಸದ ಮೇಲೆ. ಸೋಲ್‌ನಿಂದ ದಕ್ಷಿಣಕ್ಕೆ ಮೆಟ್ರೊದಲ್ಲಿ ಒಂದು ಗಂಟೆ. ಊರ ಮಧ್ಯೆ ಹಳೆಯ ಕೋಟೆ, ಸುತ್ತ ಅಪಾರ್ಟ್‌ಮೆಂಟ್‌ಗಳ ಕಾಡು. ಚುಸೊಕ್‌ಗೆ ಇನ್ನೂ ಮೂರು ವಾರ ಇರುವಾಗಲೇ ಆಫೀಸಿನಲ್ಲಿ ಒಂದು ಬೆಳಿಗ್ಗೆ ಎಲ್ಲರೂ ಫೋನ್ ಹಿಡಿದು ಉಸಿರು ಬಿಗಿಹಿಡಿದು ಕೂತಿದ್ದರು. ಹಬ್ಬದ ರೈಲು ಟಿಕೆಟ್ ತೆರೆಯುವ ಹೊತ್ತು. ನಮ್ಮ ತತ್ಕಾಲ್ ಬುಕಿಂಗ್ ಮಾಡಿದವರಿಗೆ ಆ ಮುಖಭಾವ ವಿವರಿಸಬೇಕಿಲ್ಲ. ಟಿಕೆಟ್ ಸಿಗದವರು ಕಾರಿನಲ್ಲಿ ಹೊರಡುತ್ತಾರೆ, ಹೈವೇ ಮೇಲೆ ಆಮೆಯ ಹಾಗೆ. ಕೋವಿಡ್ ಕಾಲ ಬಿಟ್ಟರೆ 2017ರಿಂದ ಹಬ್ಬದ ದಿನಗಳಲ್ಲಿ ಸರ್ಕಾರ ಟೋಲ್ ತೆಗೆದುಕೊಳ್ಳುವುದಿಲ್ಲ. ಗೌರಿ ಹಬ್ಬದ ಹಿಂದಿನ ರಾತ್ರಿಯ ಮೆಜೆಸ್ಟಿಕ್ ಅನ್ನು ಇಡೀ ದೇಶಕ್ಕೆ ಹರಡಿದರೆ ಹೇಗಿರುತ್ತೋ ಹಾಗೆ.

ಇನ್ನು ಉಡುಗೊರೆ. ನಮ್ಮಲ್ಲಿ ದೀಪಾವಳಿಗೆ ಡ್ರೈಫ್ರೂಟ್ಸ್ ಡಬ್ಬಿ ಕೊಡುವ ಹಾಗೆ ಅಲ್ಲಿ ಸ್ಪ್ಯಾಮ್ ಡಬ್ಬಿಗಳ ಸೆಟ್ ಕೊಡುತ್ತಾರೆ. ಹೌದು, ಟಿನ್ನಿನಲ್ಲಿ ಬರುವ ಹಂದಿ ಮಾಂಸ. ಅದೂ ಬಂಗಾರದ ಬಣ್ಣದ ಪೆಟ್ಟಿಗೆಯಲ್ಲಿ, ಒಡವೆ ಅಂಗಡಿಯ ಗತ್ತಿನಲ್ಲಿ. ಅದು ಬೇಡದವರಿಗೆ ಅಡುಗೆ ಎಣ್ಣೆ ಸೆಟ್, ಶಾಂಪೂ ಸೆಟ್. ನನಗೆ ಬಂದದ್ದು ಎಣ್ಣೆ. ಈ ಎಣ್ಣೆಯೇ ಮುಂದೆ ಕಥೆಯ ಮುಖ್ಯ ಪಾತ್ರ ಆಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಹಬ್ಬದ ದಿನಗಳಲ್ಲಿ ಪರದೇಶಿಗಳ ಪಾಡು ಹೇಳತೀರದು. ಹೋಟೆಲ್ಲುಗಳೆಲ್ಲ ಬಂದ್. ತೆರೆದಿರುವುದು ಮೂಲೆಯ ಕನ್ವೀನಿಯನ್ಸ್ ಸ್ಟೋರ್ ಮಾತ್ರ. ಒಂಟಿ ಜನಕ್ಕಾಗಿ ಅಲ್ಲಿ 'ಹಬ್ಬದ ಊಟದ ಡಬ್ಬಿ' ಸಿಗುತ್ತದೆ, ಪುಟ್ಟಪುಟ್ಟ ಖಾನೆಗಳಲ್ಲಿ ಹಬ್ಬದ ಎಲ್ಲ ಅಡುಗೆಯೂ. ಆ ಡಬ್ಬಿಯ ಮುಂದೆ ಕೂರಬೇಕಾದ ಹಣೆಬರಹ ತಪ್ಪಿಸಿದ್ದು ನಮ್ಮ ಟೀಮಿನ ಹಿರಿಯ ಸಹೋದ್ಯೋಗಿ. ಅಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ, 'ಸನ್‌ಬೆ' ಅನ್ನಬೇಕು. ಇಲ್ಲೂ ಹಾಗೇ ಕರೆಯುತ್ತೇನೆ. "ನನ್ನ ಗಂಡನ ಊರು ಆಂಡೊಂಗ್ ಹತ್ತಿರ. ಬಾ, ನಿಜವಾದ ಚುಸೊಕ್ ತೋರಿಸ್ತೀನಿ" ಅಂದರು. ಆಮೇಲೆ ಒಂದು ಕ್ಷಣ ತಡೆದು, "ಕೆಲಸ ಇರುತ್ತೆ, ಗೊತ್ತಲ್ಲ?" ಅಂತ ಸೇರಿಸಿದರು.

ಆಂಡೊಂಗ್ ಅಂದರೆ ಕನ್ಫ್ಯೂಷಿಯನ್ ಸಂಪ್ರದಾಯದ ತವರು. ನಾವು ಹಬ್ಬದ ಹಿಂದಿನ ದಿನ ಬೆಳಗಿನ ಜಾವ ಹೊರಟು, ಎರಡೂವರೆ ಗಂಟೆಯ ದಾರಿಯನ್ನು ಆರು ಗಂಟೆಯಲ್ಲಿ ಕ್ರಮಿಸಿ, ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಸನ್‌ಬೆ ಕಾರಿನಿಂದ ಇಳಿದವರೇ ಏಪ್ರನ್ ಕಟ್ಟಿಕೊಂಡರು. ಆ ಮನೆಯ ಹಿರಿಸೊಸೆ ಅವರು.

ನಡುಮನೆಯ ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಎರಡು ಎಲೆಕ್ಟ್ರಿಕ್ ತವಾ ಇಟ್ಟುಕೊಂಡು ಅತ್ತೆ, ಇಬ್ಬರು ಸೊಸೆಯರು, ಜೊತೆಗೆ ನಾನು. ಮಾಡಬೇಕಾದ್ದು 'ಜೊನ್'. ಕುಂಬಳದ ಜಾತಿಯ ಕಾಯಿ, ಮೀನು, ಮಾಂಸದ ಉಂಡೆ, ಅಣಬೆ ಎಲ್ಲವನ್ನೂ ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ತವಾ ಮೇಲೆ ಎಣ್ಣೆ ಬಿಟ್ಟು ಬೇಯಿಸುವುದು. ನಮ್ಮ ಬಜ್ಜಿಗೂ ದೋಸೆಗೂ ನಡುವಿನ ಯಾವುದೋ ನಂಟು ಅಂದುಕೊಳ್ಳಿ. ಐದು ಬಗೆಯ ಜೊನ್, ಒಂದೊಂದೂ ಬುಟ್ಟಿ ತುಂಬ. ಎರಡು ಗಂಟೆ ಆದ ಮೇಲೆ ಬೆನ್ನು ಯಾರದ್ದು, ಮಂಡಿ ಯಾರದ್ದು ಅಂತ ಗೊತ್ತಾಗುವುದಿಲ್ಲ. ಗಂಡಸರು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಾ ಚೆಸ್ಟ್‌ನಟ್ ಸಿಪ್ಪೆ ಸುಲಿಯುತ್ತಿದ್ದರು. ಅದು ಸಾಂಪ್ರದಾಯಿಕವಾಗಿ ಗಂಡಸರ ಕೆಲಸವಂತೆ. ಅರ್ಧ ಗಂಟೆಯಲ್ಲಿ ಮುಗಿಯಿತು.

ಸಂಜೆ ಸೊಂಗ್‌ಪ್ಯೊನ್. ಅಕ್ಕಿ ಹಿಟ್ಟಿನ ಕಣಕದೊಳಗೆ ಎಳ್ಳು, ಸಕ್ಕರೆ ತುಂಬಿ ಅರ್ಧಚಂದ್ರದ ಹಾಗೆ ಮಡಚಿ, ಪೈನ್ ಎಲೆ ಹಾಸಿ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಸಿಹಿ ಕಡುಬಿನ ಖಾಸಾ ತಂಗಿ. ಚೆಂದವಾಗಿ ಮಡಚಿದವರಿಗೆ ಚೆಂದದ ಮಗಳು ಹುಟ್ಟುತ್ತಾಳೆ ಅನ್ನುವ ಮಾತಿದೆ. ಗೌರಿ ಹಬ್ಬಕ್ಕೆ ಅಮ್ಮನ ಪಕ್ಕ ಕೂತು ಕಡುಬು ಮಡಚಿ ಅಭ್ಯಾಸ ಇದ್ದದ್ದರಿಂದ ನನ್ನವು ಸುಮಾರಾಗಿ ಬಂದವು. ಅತ್ತೆ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಇವಳಿಗೆ ಯಾಕಿನ್ನೂ ಮದುವೆ ಆಗಿಲ್ಲ?" ಅಂತ ಸನ್‌ಬೆಯನ್ನು ಕೇಳಿದರು. ಆರು ಸಾವಿರ ಕಿಲೋಮೀಟರ್ ಆಚೆ ಹೋದರೂ ತಪ್ಪದ ಪ್ರಶ್ನೆ ನೋಡಿ.

ಈ ಪ್ರಶ್ನೆಗಳಿಗೆ ಅಲ್ಲಿನ ಹುಡುಗ ಹುಡುಗಿಯರು ಕಂಡುಕೊಂಡ ಉಪಾಯ ಮಜವಾಗಿದೆ. 'ಬೈಗುಳದ ಮೆನು ಕಾರ್ಡ್' ಅಂತ ಒಂದು ಜೋಕು ಪ್ರತೀ ಹಬ್ಬಕ್ಕೂ ಫೋನಿಂದ ಫೋನಿಗೆ ಓಡಾಡುತ್ತದೆ. ಕೆಲಸ ಸಿಕ್ತಾ ಅಂತ ಕೇಳಿದರೆ ಇಷ್ಟು ದುಡ್ಡು, ಮದುವೆ ಯಾವಾಗ ಅಂದರೆ ಇಷ್ಟು, ಮಕ್ಕಳು ಯಾವಾಗ ಅಂದರೆ ಅದಕ್ಕಿಂತ ಜಾಸ್ತಿ; ಮುಂಗಡ ಕೊಟ್ಟು ಪ್ರಶ್ನೆ ಕೇಳಿ ಅಂತ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರೊಫೆಸರ್ ಕಿಮ್ ಯಂಗ್-ಮಿನ್ 2018ರ ಚುಸೊಕ್ ಹೊತ್ತಿಗೆ ಪತ್ರಿಕೆಯಲ್ಲಿ 'ಚುಸೊಕ್ ಅಂದರೇನು?' ಅಂತ ಒಂದು ಅಂಕಣ ಬರೆದರು. ನೆಂಟರು ಇಂಥ ಪ್ರಶ್ನೆ ಕೇಳಿದರೆ ನೀವು ತಿರುಗಿ ಬುಡಕ್ಕೇ ಕೈ ಹಾಕುವ ಪ್ರಶ್ನೆ ಕೇಳಿ ಎನ್ನುವುದು ಅದರ ಸಾರ. ಮದುವೆ ಅಂದರೆ ಏನು, ಚಿಕ್ಕಪ್ಪ ಅಂದರೆ ಏನು, ಹೀಗೆ. ಅದು ದೇಶದ ತುಂಬ ವೈರಲ್ ಆಯಿತು. ಹಬ್ಬ ಅನ್ನುವುದು ಅಷ್ಟು ಜನರ ಗಂಟಲಲ್ಲಿ ಸಿಕ್ಕಿಕೊಂಡಿತ್ತು ಅಂತ ಅರ್ಥ.

ಹೆಂಗಸರ ವಿಷಯಕ್ಕೆ ಬಂದರೆ ಅದಕ್ಕೊಂದು ಹೆಸರೇ ಇದೆ, 'ಮ್ಯೊಂಗ್‌ಜೊಲ್ ಜುಂಗ್‌ಹುಗುನ್', ಹಬ್ಬದ ಕಾಯಿಲೆ. ಬೆನ್ನುನೋವು, ತಲೆನೋವು, ಅಜೀರ್ಣ, ಸಿಟ್ಟು. ಹಬ್ಬ ಕಳೆದ ತಿಂಗಳು ವಿಚ್ಛೇದನದ ಅರ್ಜಿಗಳ ಬಗ್ಗೆ ಪತ್ರಿಕೆಗಳಲ್ಲಿ ತಪ್ಪದೆ ವರದಿ ಬರುತ್ತದೆ. ಚೋ ನಾಮ್-ಜೂ ಬರೆದ 'ಕಿಮ್ ಜಿ-ಯಂಗ್, ಬಾರ್ನ್ 1982' ಕಾದಂಬರಿ ಓದಿದವರಿಗೆ ನೆನಪಿರಬಹುದು, ನಾಯಕಿಯೊಳಗೆ ಏನೋ ಮುರಿದಿದೆ ಅಂತ ಗಂಡನ ಮನೆಯವರಿಗೆಲ್ಲ ಗೊತ್ತಾಗುವುದು ಚುಸೊಕ್‌ಗೆ ಅತ್ತೆ ಮನೆಗೆ ಹೋದಾಗ.

ಆ ರಾತ್ರಿ ಕೈಯಿಂದ ಎಣ್ಣೆ ತೊಳೆಯುತ್ತಾ ಸನ್‌ಬೆ ನನಗೆ ಫೋನಿನಲ್ಲಿ ಒಂದು ಸುದ್ದಿ ತೋರಿಸಿದರು. ನಾಲ್ಕು ದಿನದ ಹಿಂದಿನದು, 2022ರ ಸೆಪ್ಟೆಂಬರ್ 5. ಕನ್ಫ್ಯೂಷಿಯನ್ ಆಚಾರಗಳ ವಿಷಯದಲ್ಲಿ ಕೊನೆಯ ಮಾತು ಹೇಳುವ ಸೊಂಗ್‌ಗ್ಯೂನ್‌ಗ್ವಾನ್ ಎಂಬ ಸಂಸ್ಥೆ ಇದೆ. ಜೊಸೊನ್ ರಾಜರ ಕಾಲದ ವಿದ್ಯಾಪೀಠದ ವಾರಸುದಾರ. ಅದರ ಸಮಿತಿ ಪತ್ರಿಕಾಗೋಷ್ಠಿ ಕರೆದು ಹೇಳಿತ್ತು: ಹಬ್ಬದ ಬೆಳಗಿನ ಪೂಜೆಗೆ ಎಣ್ಣೆಯಲ್ಲಿ ಕರಿದದ್ದು ಇಡಬೇಕಾಗಿಲ್ಲ. ಸೊಂಗ್‌ಪ್ಯೊನ್, ಸೊಪ್ಪು, ಸುಟ್ಟ ಮಾಂಸ, ಕಿಮ್ಚಿ, ಹಣ್ಣು, ಮದ್ಯ, ಇಷ್ಟು ಸಾಕು. ಹೆಚ್ಚೆಂದರೆ ಒಂಬತ್ತು. ಎಣ್ಣೆಯ ಪದಾರ್ಥ ಇಟ್ಟು ಪೂಜಿಸುವುದು ಕ್ರಮವಲ್ಲ ಅಂತ ಕಿಮ್ ಜಾಂಗ್-ಸೆಂಗ್ ಎನ್ನುವ ವಿದ್ವಾಂಸರು ನಾನ್ನೂರು ವರ್ಷದ ಹಿಂದೆಯೇ ಬರೆದಿದ್ದಾರಂತೆ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ ಇಡಬೇಕು ಅಂತ ಎಲ್ಲರೂ ಬಾಯಿಪಾಠ ಮಾಡುವ ನಿಯಮವೂ ಮೂಲ ಗ್ರಂಥಗಳಲ್ಲಿ ಇಲ್ಲವಂತೆ.

ಸರಳವಾಗಿ ಹೇಳಬೇಕೆಂದರೆ: ಬಜ್ಜಿ ಕರಿಯುವುದು ಕಡ್ಡಾಯವಲ್ಲ. ಯಾವತ್ತೂ ಆಗಿರಲಿಲ್ಲ.

"ಅತ್ತೆಗೆ ಗೊತ್ತಾ?" ಅಂತ ಕೇಳಿದೆ. ಅತ್ತೆ ಹಿಂದೆಯೇ ನಿಂತಿದ್ದರು. ಅವರು ಟಿವಿಯಲ್ಲಿ ಆಗಲೇ ನೋಡಿದ್ದರಂತೆ. ತವಾ ಒರೆಸುತ್ತಾ ಹೇಳಿದ್ದು ಒಂದೇ ಮಾತು, "ನಲವತ್ತೆರಡು ವರ್ಷ ಕರಿದ ಮೇಲೆ ಹೇಳ್ತಾರೆ." ಸಿಟ್ಟಿನಲ್ಲಿ ಹೇಳಿದ್ದಲ್ಲ. ಬಸ್ಸು ಹೋದ ಮೇಲೆ ಸ್ಟ್ಯಾಂಡಿನಲ್ಲಿ ನಿಂತವರು ಮಾತಾಡುತ್ತಾರಲ್ಲ, ಆ ಧ್ವನಿ.

ಬೆಳಿಗ್ಗೆ ಛಾರ್ಯೆ. ಪರದೆಯ ಮುಂದೆ ಮೇಜು, ಮೇಜಿನ ಮೇಲೆ ಸಾಲುಸಾಲಾಗಿ ಪಾತ್ರೆ. ಹಿರಿಯರ ಹೆಸರು ಬರೆದ ಕಾಗದದ ಪಟ್ಟಿ. ಮೆಣಸಿನಕಾಯಿ, ಬೆಳ್ಳುಳ್ಳಿ ಇಲ್ಲ. ಪೀಚ್ ಹಣ್ಣು ಇಡುವಂತಿಲ್ಲ, ಅದರ ಮರಕ್ಕೆ ಆತ್ಮಗಳು ಹೆದರುತ್ತವೆ ಎಂಬ ನಂಬಿಕೆ. ಮಾವ ಬಟ್ಟಲಿಗೆ ಮದ್ಯ ಸುರಿದರು. ಗಂಡಸರು ಹಣೆ ನೆಲಕ್ಕೆ ತಾಗುವಂತೆ ಎರಡು ಸಲ ಬಾಗಿದರು. ಸನ್‌ಬೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಪಕ್ಕದಲ್ಲಿ ನಾನು. ಅವರು ನನ್ನ ಕಿವಿಯಲ್ಲಿ ಹೇಳಿದರು, "ಆ ಪಟ್ಟಿಯಲ್ಲಿ ಇರೋರ್‍ಯಾರೂ ನನ್ನ ವಂಶದವರಲ್ಲ. ನಮ್ಮಪ್ಪ ಜೊಂಜುವಿನಲ್ಲಿ ಇದ್ದಾರೆ, ಮಣ್ಣಲ್ಲಿ. ಅವರ ಹತ್ತಿರ ನಾನು ಹೋಗೋದು ಇಲ್ಲಿ ಪಾತ್ರೆ ತೊಳೆದಾದ ಮೇಲೆ." ಮದುವೆಯಾದರೂ ಕೊರಿಯಾದ ಹೆಣ್ಣುಮಕ್ಕಳು ಮನೆತನದ ಹೆಸರು ಬದಲಿಸುವುದಿಲ್ಲ. ಬೇರೆ ಹೆಸರಿನ ಮನೆಯಲ್ಲಿ, ಬೇರೆಯವರ ಅಜ್ಜಂದಿರಿಗೆ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದರು ಅವರು.

ನನಗೆ ಆ ಬಾಗಿಲು ಹೊಸದಾಗಿರಲಿಲ್ಲ. ನಮ್ಮದು ಮಂಡ್ಯದ ಕಡೆ. ಪಿತೃಪಕ್ಷದಲ್ಲಿ ಎಡೆ ಇಡುತ್ತೇವೆ. ಬಾಳೆ ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ, ಕಾಳಿನ ಪಲ್ಯ. ಪಕ್ಕದಲ್ಲಿ ಹೊಸ ಪಂಚೆ, ತಾತನಿಗೆ ಅಂತ ಒಂದು ಕ್ವಾರ್ಟರ್ ಬಾಟಲಿ, ಒಂದು ಕಟ್ಟು ಬೀಡಿ. ಧೂಪ ಹಾಕಿ, ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರುತ್ತೇವೆ. ಒಳಗೆ ಹೋಗುವ ಮುಂಚೆ ಅಪ್ಪ ಬಾಗಿಲು ತಟ್ಟುತ್ತಿದ್ದರು. ಕೊರಿಯಾದಲ್ಲಿ ಸತ್ತವರ ತಿಥಿಗೆ ಮಾಡುವ ಜೆಸಾದಲ್ಲೂ ಇದೇ ಕ್ರಮ ಇದೆ. ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಾರೆ, ತೆಗೆಯುವ ಮುಂಚೆ ಮೂರು ಸಲ ಕೆಮ್ಮುತ್ತಾರೆ. ಸತ್ತವರ ಮುಂದೆಯೂ ಇಷ್ಟು ಸಂಕೋಚ ಇರುವ ಜನ ಯಾವ ದೇಶದವರಾದರೂ ನನಗೆ ನೆಂಟರೇ ಅನಿಸಿತು.

ಅಪ್ಪ ತೀರಿಕೊಂಡಿದ್ದು 2020ರ ನವೆಂಬರ್‌ನಲ್ಲಿ. ನಾವು ಇಬ್ಬರು ಹೆಣ್ಣುಮಕ್ಕಳು. ಮರುವರ್ಷ ಅಪ್ಪನ ಎಡೆ ಯಾರು ಇಡಬೇಕು ಅನ್ನುವ ಪ್ರಶ್ನೆ ಬಂದಾಗ ಚಿಕ್ಕಪ್ಪ, "ನನ್ನ ಮಗ ಇದ್ದಾನಲ್ಲ" ಅಂದರು. ಮುಗಿಯಿತು. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹನ್ನೆರಡು ಬಗೆ ಅಡುಗೆ ಮಾಡಿದಳು. ಅಪ್ಪನ ಜೊತೆ ಒಂದು ದಿನವೂ ಒಂದು ಗಂಟೆ ಕೂತು ಮಾತಾಡಿರದ ಹುಡುಗ ಧೂಪ ಹಾಕಿದ. ಒಳ್ಳೆಯ ಹುಡುಗನೇ, ಅವನ ಮೇಲೆ ನನಗೇನೂ ಇಲ್ಲ. ಅಕ್ಕ, ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆವು. ಅಮ್ಮ ಒಳಗೇ ಇದ್ದಳು, ವಡೆ ಹಾಕುತ್ತಾ.

ಸಂಪ್ರದಾಯ ಅಂದರೆ ಬಂಡೆ, ಅದು ಯಾವತ್ತೂ ಹಾಗೇ ಇತ್ತು ಅಂತ ನಾವೆಲ್ಲ ನಂಬಿರುತ್ತೇವೆ. ಸೊಲ್ಲಾಲ್ ಕಥೆ ಕೇಳಿದ ಮೇಲೆ ನನಗೆ ಆ ನಂಬಿಕೆ ಹೊರಟುಹೋಯಿತು. ಇವತ್ತು ಕೊರಿಯಾದ ಅತಿ ದೊಡ್ಡ ಹಬ್ಬಗಳಲ್ಲಿ ಒಂದು ಅದು. ಅಕ್ಕಿ ಬಿಲ್ಲೆಗಳ ತೊಕ್ಕುಕ್ ಸೂಪ್ ಕುಡಿದರೆ ಒಂದು ವರ್ಷ ದೊಡ್ಡವರಾದ ಲೆಕ್ಕ. ಮಕ್ಕಳು ಹಿರಿಯರಿಗೆ ಅಡ್ಡಬಿದ್ದು ದುಡ್ಡು ಈಸಿಕೊಳ್ಳುತ್ತಾರೆ. ಆದರೆ 1896ರಲ್ಲಿ ದೇಶ ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಾಯಿತು. ಆಮೇಲೆ ಬಂದ ಜಪಾನಿನ ಆಡಳಿತ ಜನವರಿ 1ನ್ನೇ ಹೊಸ ವರ್ಷ ಅಂತ ಹೇರಿತು. ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರಗಳು, ಎರಡೆರಡು ಹೊಸ ವರ್ಷ ದಂಡ ಖರ್ಚು ಅಂತ ಚಾಂದ್ರಮಾನದ ಹಬ್ಬಕ್ಕೆ ರಜೆ ಕೊಡಲಿಲ್ಲ. ಜನ ಕೆಲಸಕ್ಕೆ ಹೋಗಿ ಬಂದು ಹಬ್ಬ ಮಾಡಿದರು. 1985ರಲ್ಲಿ 'ಜಾನಪದ ದಿನ' ಅಂತ ಹೆಸರಿಟ್ಟು ಒಂದು ದಿನ ರಜೆ ಸಿಕ್ಕಿತು. ಸೊಲ್ಲಾಲ್ ಅನ್ನುವ ಹೆಸರೂ ಮೂರು ದಿನದ ರಜೆಯೂ ವಾಪಸ್ ಬಂದದ್ದು 1989ರಲ್ಲಿ. ನನಗಿಂತ ನಾಲ್ಕೇ ವರ್ಷ ದೊಡ್ಡದು ಆ ರಜೆ! ಅಷ್ಟು ವರ್ಷ ಹಬ್ಬವನ್ನು ಉಳಿಸಿದ್ದು ಸರ್ಕಾರವೂ ಅಲ್ಲ, ಪಂಡಿತರೂ ಅಲ್ಲ. ಮನೆಯಲ್ಲಿ ಸೂಪ್ ಬೇಯಿಸಿದವರು.

ಅದೇ ರೀತಿ ಯಾರಿಗೆ ಹಕ್ಕು ಅನ್ನುವುದೂ ಬದಲಾಗುತ್ತಾ ಬಂತು. ಮನೆಗೆ ಗಂಡೇ ಯಜಮಾನ ಎನ್ನುವ 'ಹೊಜು' ಪದ್ಧತಿ ಅಲ್ಲಿನ ಕಾನೂನಿನಲ್ಲೇ ಇತ್ತು. 2005ರಲ್ಲಿ ಸಂವಿಧಾನ ನ್ಯಾಯಾಲಯ ಅದು ತಪ್ಪು ಅಂದಿತು, 2008ರ ಜನವರಿಯಿಂದ ಪದ್ಧತಿ ರದ್ದಾಯಿತು. ಆದರೆ ಅದೇ 2008ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತ್ತು: ಸತ್ತವರ ಕಾರ್ಯ ಯಾರು ನಡೆಸಬೇಕು ಅಂತ ಮಕ್ಕಳಲ್ಲಿ ಒಪ್ಪಂದ ಆಗದಿದ್ದರೆ ಹಿರಿಮಗ ನಡೆಸಬೇಕು, ಗಂಡು ಸಂತಾನ ಇಲ್ಲದಿದ್ದರೆ ಮಾತ್ರ ಹಿರಿಮಗಳು. 2023ರ ಮೇ ತಿಂಗಳಲ್ಲಿ ಅದೇ ಕೋರ್ಟ್ ತನ್ನ ಆ ತೀರ್ಪನ್ನು ತಾನೇ ಬದಲಿಸಿತು. ಇಬ್ಬರು ಹೆಣ್ಣುಮಕ್ಕಳು ತಮ್ಮ ತಾಯಿಯ ಜೊತೆ ಸೇರಿ ಅಪ್ಪನ ಅವಶೇಷ ತಮಗೆ ಕೊಡಿ ಅಂತ ಕೋರ್ಟಿಗೆ ಹೋಗಿದ್ದರು. ಅಪ್ಪನಿಗೆ ಬೇರೆ ಸಂಬಂಧದಲ್ಲಿ ಒಬ್ಬ ಕಿರಿಯ ಮಗ ಇದ್ದ. ಒಪ್ಪಂದ ಇಲ್ಲದಿದ್ದರೆ ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಲ್ಲಿ ಹಿರಿಯರಿಗೇ ಆ ಹಕ್ಕು ಅಂತ ಕೋರ್ಟ್ ಹೇಳಿತು.

ಸನ್‌ಬೆ ಕ್ಯಾಂಟೀನಿನಲ್ಲಿ ಆ ಸುದ್ದಿಯನ್ನು ನನಗೆ ನಿಧಾನಕ್ಕೆ, ಸುಲಭದ ಕೊರಿಯನ್‌ನಲ್ಲಿ ಬಿಡಿಸಿ ಹೇಳಿದರು. ಆ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೈಸೂರಲ್ಲಿ ವಕೀಲೆ. "ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಅಂತ ಕರ್ನಾಟಕದಲ್ಲಿ 1994ರಿಂದಲೇ ಕಾನೂನಿದೆ ಕಣೆ, ಇಡೀ ದೇಶಕ್ಕೆ 2005ರಲ್ಲಿ ಬಂತು. ಆದ್ರೆ ಎಡೆ ಇಡೋಕೆ ಕಾನೂನು ಯಾರ್ ಮಾಡ್ತಾರೆ? ಬೇಡ ಅಂತ ಯಾವ ಕಾನೂನೂ ಹೇಳಿಲ್ಲ. ಚಿಕ್ಕಪ್ಪ ಹೇಳಿದ್ದಾರೆ ಅಷ್ಟೆ" ಅಂದಳು.

ಆ ವರ್ಷ ಚುಸೊಕ್ ಬಿದ್ದದ್ದು ಸೆಪ್ಟೆಂಬರ್ 29ಕ್ಕೆ. ಅಕ್ಟೋಬರ್ 2ಕ್ಕೂ ಸರ್ಕಾರ ವಿಶೇಷ ರಜೆ ಘೋಷಿಸಿದ್ದರಿಂದ ಒಟ್ಟಿಗೆ ಆರು ದಿನ ರಜೆ. ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುವ ಬದಲು ವಿದೇಶಕ್ಕೆ ಹಾರುವ ಕೊರಿಯನ್ನರೇ ತುಂಬಿದ್ದರು. ಆ ಸಾಲಿನಲ್ಲಿ ನಿಂತು, ಕೊರಿಯಾದ ಹಿರಿಯರಿಗೆ ಕೊಟ್ಟ ರಜೆಯಲ್ಲಿ ನಮ್ಮ ಹಿರಿಯರ ಹತ್ತಿರ ಹೊರಟವಳು ಬಹುಶಃ ನಾನೊಬ್ಬಳೇ.

ಭಾನುವಾರ ಎಡೆ ಅಂತ ತೀರ್ಮಾನ ಆಗಿತ್ತು. ಶನಿವಾರ ಸಂಜೆ ಜಗಲಿಯಲ್ಲಿ ಕೂತು ಚಿಕ್ಕಪ್ಪನಿಗೆ ಹೇಳಿದೆವು, ಈ ಸಲ ಅಪ್ಪನಿಗೆ ನಾವೇ ಇಡ್ತೀವಿ. ಅವರು ಜೋರು ಮಾಡಲಿಲ್ಲ. "ಗಂಡು ಮಕ್ಕಳು ಇಟ್ರೆ ಅವರಿಗೆ ಸೇರ್ತದೆ, ಇಲ್ದಿದ್ರೆ ಇಲ್ಲ. ನಾನು ಮಾಡಿದ್ದಲ್ಲ ಇದು, ಹಿಂದ್ಲೋರು ಮಾಡಿದ್ದು" ಅಂದರು. ನಾನು ಸ್ವಲ್ಪ ಉತ್ಸಾಹದಲ್ಲಿ ಆ ತೀರ್ಪಿನ ಕಥೆ ಹೇಳಿದೆ. "ಕೊರಿಯಾ ಕೋರ್ಟು ನಮ್ಮೂರ್ಗೆ ಬರಕ್ಕಿಲ್ಲ ಕಣವ್ವ" ಅಂತ ನಕ್ಕರು. ನನಗೂ ನಗು ಬಂತು.

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು. "ಅವರಿಗೆ ಕಜ್ಜಾಯ ಸೇರ್ತಿರಲಿಲ್ಲ" ಅಂದಳು. ಯಾರಿಗೂ ಅರ್ಥವಾಗಲಿಲ್ಲ. "ಮೂವತ್ತು ವರ್ಷ ಹಬ್ಬಕ್ಕೆ ಮಾಡಿದ್ದೀನಿ, ಒಂದು ತುಂಡು ಬಾಯಿಗೆ ಹಾಕ್ಕೊಂಡು ನಿಮ್ಮಮ್ಮ ನೋಡದೇ ಇದ್ದಾಗ ನಾಯಿಗೆ ಹಾಕೋರು. ಎರಡು ವರ್ಷದಿಂದ ಅವರ ಎಡೆಗೆ ಕಜ್ಜಾಯ ಇಡ್ತಿದ್ದೀವಿ. ನಂಗೆ ಕೇಳಿದ್ರೆ ಹೇಳ್ತಿದ್ದೆ. ಮದ್ದೂರು ವಡೆ, ಉಪ್ಸಾರು, ಮುದ್ದೆ. ಅಷ್ಟೇ ಅವರು ಕೇಳ್ತಿದ್ದಿದ್ದು."

ಚಿಕ್ಕಪ್ಪ ಎದ್ದು ಹೋದರು. ಒಪ್ಪಿದರು ಅಂತಲೋ ಮುನಿಸಿಕೊಂಡರು ಅಂತಲೋ ಗೊತ್ತಾಗಲಿಲ್ಲ.

ಮರುದಿನ ಅಮ್ಮ ಎದ್ದಿದ್ದು ಆರೂವರೆಗೆ. ಐದು ಬಗೆ ಅಡುಗೆ, ಅದರಲ್ಲಿ ವಡೆ ಅಂಗಡಿಯದು. ಅಕ್ಕ ದೀಪ ಹಚ್ಚಿದಳು, ನಾನು ಧೂಪ ಹಾಕಿದೆ. ಅಮ್ಮ ಅಡುಗೆಮನೆಯಲ್ಲಿ ಇರಲಿಲ್ಲ, ನಮ್ಮ ಮಧ್ಯೆ ಕೂತಿದ್ದಳು. ಬಾಗಿಲು ಮುಂದೆ ಮಾಡಿ ಹೊರಗೆ ಬಂದಾಗ ಚಿಕ್ಕಪ್ಪ ಮಗನ ಜೊತೆ ಅಂಗಳದ ಹುಣಸೆ ಮರದ ಕೆಳಗೆ ನಿಂತಿದ್ದರು. ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಡಿ ಇಟ್ರೇನವ್ವ?" ಅಂತ ಕೇಳಿದರು. ಡಾಕ್ಟರು ಬಿಡಿಸಿದ್ದರು, ಆದರೂ ಅಣ್ಣ ತಮ್ಮ ಇಬ್ಬರೂ ಗದ್ದೆ ಬದುವಿನಲ್ಲಿ ಕದ್ದು ಸೇದುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. "ಇಟ್ಟಿಲ್ಲ" ಅಂದೆ. ಅವರು ಜೇಬಿನಿಂದ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಬಾಗಿಲು ತಟ್ಟಿ ಒಳಗೆ ಹೋಗಿ ಇಟ್ಟು ಬಂದೆ.

ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳಿದರೆ ಅದು ಸಿನಿಮಾ ಆಗುತ್ತದೆ. ಊರಲ್ಲಿ ಮಾತಾಡಿಕೊಂಡವರು ಇದ್ದಾರೆ. ಚಿಕ್ಕಪ್ಪ ತಾತನ ಎಡೆಯನ್ನು ಈಗಲೂ ತಮ್ಮ ಮನೆಯಲ್ಲಿ, ಹನ್ನೆರಡು ಬಗೆ ಮಾಡಿಸಿಯೇ ಇಡುತ್ತಾರೆ. ಚಿಕ್ಕಮ್ಮ ನಾಲ್ಕಕ್ಕೇ ಏಳುತ್ತಾರೆ. ಕೊರಿಯಾದಲ್ಲೂ ಅಷ್ಟೇ. ಪಂಡಿತರು ಬೇಡ ಅಂದ ಮಾತ್ರಕ್ಕೆ ತವಾ ಆರಿಲ್ಲ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನ ಜೊನ್ ಅಂಗಡಿಗಳ ಮುಂದೆ ಸಾಲು ಉದ್ದವಾಗಿದೆ, ಮನೆಯ ಬುಟ್ಟಿ ಚಿಕ್ಕದಾಗಿದೆ, ಅಷ್ಟೇ. 2024ರಲ್ಲಿ, ನಾನು ವಾಪಸ್ ಬರುವ ಮುಂಚಿನ ಚುಸೊಕ್‌ಗೆ, ಸನ್‌ಬೆಯ ಅತ್ತೆ ಮೊದಲ ಸಲ ಅಂಗಡಿಯಿಂದ ಜೊನ್ ತಂದರಂತೆ. ತಿಂದು, ಉಪ್ಪು ಜಾಸ್ತಿ ಅಂದರಂತೆ. ಈಗ ಆ ಮನೆಯಲ್ಲಿ ಹೊಸ ಒಪ್ಪಂದ: ಸೊಲ್ಲಾಲ್ ಗಂಡನ ಊರಲ್ಲಿ, ಚುಸೊಕ್ ಜೊಂಜುವಿನಲ್ಲಿ, ಅವರ ಅಪ್ಪನ ಹತ್ತಿರ. ನಾಲ್ಕಾರು ವರ್ಷದ ಜಗಳ ಅದರ ಹಿಂದೆ ಇದೆ, ಸುಲಭಕ್ಕೆ ಬಂದದ್ದಲ್ಲ.

ನಮ್ಮ ವಯಸ್ಸಿನವರು ಹಬ್ಬದ ವಿಷಯದಲ್ಲಿ ಎರಡೇ ದಾರಿ ಅಂದುಕೊಂಡುಬಿಟ್ಟಿದ್ದೇವೆ. ಒಂದೋ ಅಜ್ಜಿ ಮಾಡಿದ ಹಾಗೇ ಎಲ್ಲವನ್ನೂ ಮಾಡಬೇಕು, ಇಲ್ಲವೇ ಲಾಂಗ್ ವೀಕೆಂಡ್‌ಗೆ ಗೋವಾ ಟಿಕೆಟ್ ಹಾಕಬೇಕು. ಎರಡರಲ್ಲೂ ಅಮ್ಮನ ಮಂಡಿನೋವಿಗೆ ಜಾಗವಿಲ್ಲ ನೋಡಿ. ಮೊದಲನೆಯದರಲ್ಲಿ ಅವಳು ಕರಿಯುತ್ತಾಳೆ, ಎರಡನೆಯದರಲ್ಲಿ ಒಬ್ಬಳೇ ಕರಿಯುತ್ತಾಳೆ. ಯಾವುದು ಬೇಕು, ಯಾವುದು ಬೇಡ ಅಂತ ಪಟ್ಟಿ ಹಿಡಿದು ಕೂರುವ ಮೂರನೆಯ ದಾರಿಯೂ ಇದೆ. ಸ್ವಲ್ಪ ಜಗಳ ಆಗುತ್ತದೆ. ಆಗಲಿ. ಆ ಪಟ್ಟಿಯನ್ನು ಅಡುಗೆ ಮಾಡುವವರ ಕೈಗೆ ಕೊಟ್ಟು ಪೆನ್ನನ್ನೂ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಈ ವರ್ಷದ ಎಡೆಗೆ ಯಾವ ದಿನ ಬರ್ತೀಯ ಅಂತ ಕೇಳಿ, ತಾನೇ ಮುಂದುವರಿಸಿದಳು. "ಐದು ಬಗೆನೂ ಬೇಡ, ಮೂರು ಸಾಕು. ಹೊಸ್ದಾಗಿ ಬಂದಿರೋ ನಿಮ್ಮ ಅಕ್ಕನ ಗಂಡಂಗೆ ನಿಮ್ಮಪ್ಪ ಹೆಂಗಿದ್ರು ಅಂತಾನೇ ಗೊತ್ತಿಲ್ಲ. ಸ್ವಲ್ಪ ಕೂತ್ಕೊಂಡು ಹೇಳ್ಬೇಕು. ಅದಕ್ಕೂ ಟೈಮ್ ಬೇಕಲ್ಲ."